ಮನೆತನದ ಮರಣ ದಾಖಲೆಗಳು: ಹುಡುಕುವ ಬಗೆ, ಓದುವ ಬಗೆ

ಮರಣವಾರ್ತೆ ಹೊತ್ತು ಬಂದ ಕಾಗದವನ್ನು ಮನೆಯೊಳಗೆ ಇಟ್ಟುಕೊಳ್ಳಬಾರದೆಂಬುದು ಹಿರಿಯರ ಕಟ್ಟಳೆ. ಊರಿನಿಂದ ಬಂದ ಅಂಚೆ ಕಾರ್ಡನ್ನು ಹೊಸ್ತಿಲಲ್ಲೇ ನಿಂತು ಓದಿ, ಅಲ್ಲಿಯೇ ಹರಿದುಹಾಕಿ, ತಲೆಗೆ ನೀರು ಹೊಯ್ದುಕೊಂಡು ಒಳಗೆ ಬರುವುದು ಮುಂಬಯಿಯ ಚಾಳುಗಳಲ್ಲಿಯೂ ಮದರಾಸಿನ ವಠಾರಗಳಲ್ಲಿಯೂ ನಡೆದುಬಂದ ರೂಢಿಯಾಗಿತ್ತು. ಶೋಕವು ಮನೆಯಲ್ಲಿ ಬೇರೂರಬಾರದೆಂಬ ವಿವೇಕ ಅದರ ಹಿಂದೆ ಇದ್ದಿರಬಹುದು. ಆದರೆ ಆ ಕಾರ್ಡಿನೊಡನೆ ಬೇರೆ ಕೆಲವು ಸಂಗತಿಗಳೂ ಹರಿದುಹೋದವು: ತೀರಿಕೊಂಡ ತಾರೀಖು, ತೀರಿಕೊಂಡ ಸ್ಥಳ, ಒಯ್ದ ಕಾಯಿಲೆ. ಅರ್ಧ ಶತಮಾನದ ತರುವಾಯ ಮಗನೋ ಮೊಮ್ಮಗನೋ ವೈದ್ಯರೆದುರು ಕುಳಿತಾಗ ಅವರು ಕೇಳುವ ಮೊದಲ ಪ್ರಶ್ನೆಗೇ ಉತ್ತರ ಇರುವುದಿಲ್ಲ.

“ತಂದೆಯವರು ಯಾವ ವಯಸ್ಸಿನಲ್ಲಿ ಹೋದರು? ಏನಾಗಿ ಹೋದರು?”

“ಜ್ವರ ಬಂದು ಹೋದರಂತೆ.” “ಎದೆ ಹಿಡಿದುಕೊಂಡಿತಂತೆ.” “ಹೊಟ್ಟೆಯಲ್ಲಿ ಏನೋ ಇತ್ತಂತೆ.” ಈ ‘ಅಂತೆ’ಗಳನ್ನು ನಂಬಿ ವೈದ್ಯರು ಏನು ಮಾಡಲು ಸಾಧ್ಯ? ತಂದೆಗಾಗಲಿ ಅಣ್ಣತಮ್ಮಂದಿರಿಗಾಗಲಿ 55 ವರ್ಷಕ್ಕೆ ಮುನ್ನ, ತಾಯಿಗಾಗಲಿ ಅಕ್ಕತಂಗಿಯರಿಗಾಗಲಿ 65 ವರ್ಷಕ್ಕೆ ಮುನ್ನ ಹೃದಯಾಘಾತವಾಗಿದ್ದರೆ ಅದನ್ನು ಮಕ್ಕಳ ಪಾಲಿಗೂ ಅಪಾಯದ ಸೂಚನೆಯೆಂದು ವೈದ್ಯಶಾಸ್ತ್ರ ಎಣಿಸುತ್ತದೆ. ಸ್ತನ, ಅಂಡಾಶಯ ಮತ್ತು ದೊಡ್ಡ ಕರುಳಿನ ಕ್ಯಾನ್ಸರುಗಳಲ್ಲಿ ಕೆಲವು ವಂಶದಲ್ಲಿ ಇಳಿದುಬರುತ್ತವೆ. ತಾಯಿಯ ಕಡೆಯಲ್ಲಿ ಗಂಡುಕೂಸುಗಳು ಮಾತ್ರವೇ ಒಂದರ ಮೇಲೊಂದು ತೀರಿಕೊಂಡಿದ್ದರೆ, ಅಥವಾ ಸೋದರಮಾವನಿಗೆ ಮಗಳನ್ನು ಕೊಟ್ಟ ಮನೆಗಳಲ್ಲಿ ಎಳೆಯ ಮಕ್ಕಳ ಸಾವು ಮತ್ತೆ ಮತ್ತೆ ಸಂಭವಿಸಿದ್ದರೆ, ಅದನ್ನು ವಿಧಿಯೆಂದು ಬಿಟ್ಟುಬಿಡದೆ ವಂಶವಾಹಿ ದೋಷವೇನಾದರೂ ಇದೆಯೇ ಎಂದು ನೋಡಬೇಕಾಗುತ್ತದೆ. ಇವೆಲ್ಲಕ್ಕೂ ಬೇಕಾದದ್ದು ಸತ್ತವರ ವಯಸ್ಸು ಮತ್ತು ಕಾರಣ. ವಂಶಾವಳಿ ಬರೆಯುವ ಹವ್ಯಾಸ ಇಂದು ಮಹಾನಗರದ ಕನ್ನಡಿಗರಲ್ಲಿಯೂ ಬೆಳೆಯುತ್ತಿದೆ. ಆದರೆ ಹೆಸರುಗಳ ಕೆಳಗೆ ಜನ್ಮನಕ್ಷತ್ರವನ್ನು ಬರೆಯುವವರು ಸಹ ಮರಣದ ಕಾರಣವನ್ನು ಬರೆಯಲು ಹಿಂಜರಿಯುತ್ತಾರೆ.

ಹಲವು ಮನೆಗಳ ಸಂಗತಿಯನ್ನು ಒಂದಾಗಿ ಕೂಡಿಸಿ, ಮಾಟುಂಗದಲ್ಲಿ ನೆಲೆಸಿರುವ ಒಬ್ಬ ಗೃಹಸ್ಥರನ್ನು ಕಲ್ಪಿಸಿಕೊಂಡರೆ ವಿಷಯ ಸುಲಭವಾಗಿ ತಿಳಿಯುತ್ತದೆ. ಅವರ ವಯಸ್ಸು 54. ಕುಂದಾಪುರ ತಾಲ್ಲೂಕಿನಿಂದ ಬಂದ ತಂದೆ ಕೋಟೆ ಪ್ರದೇಶದ ಹೋಟೆಲೊಂದರಲ್ಲಿ ದುಡಿಯುತ್ತಿದ್ದವರು. 1978ರಲ್ಲಿ, ಇನ್ನೂ 46ರ ವಯಸ್ಸಿನಲ್ಲಿ ತೀರಿಕೊಂಡರು. ಕಾರಣ ಕೇಳಿದಾಗಲೆಲ್ಲ ತಾಯಿ ಹೇಳುತ್ತ ಬಂದದ್ದು “ಜ್ವರ” ಎಂದು. ಇತ್ತ ಅಣ್ಣನಿಗೆ ದೊಡ್ಡ ಕರುಳಿನ ಕ್ಯಾನ್ಸರ್ ಕಾಣಿಸಿಕೊಂಡಿದೆ. ತಂದೆಯದು ನಿಜವಾಗಿ ಜ್ವರವೇ ಎಂಬುದನ್ನು ತಿಳಿದುಕೊಂಡು ಬರಲು ವೈದ್ಯರು ತಮ್ಮನಿಗೆ ಹೇಳಿದ್ದಾರೆ.

ಸಾವು ಎಲ್ಲಿಯೋ ದಾಖಲೆ ಅಲ್ಲಿಯೇ

ಗೃಹಸ್ಥರು ಮೊದಲು ಊರಿಗೆ ಹೋದರು. ಉತ್ತರಕ್ರಿಯೆ ನಡೆದದ್ದು ಊರಿನಲ್ಲಿ, ಪೌತಿ ಖಾತೆ ಆದದ್ದು ಊರಿನಲ್ಲಿ. ಹಾಗಿರುವಾಗ ಮರಣವೂ ಅಲ್ಲಿಯೇ ದಾಖಲಾಗಿರಬೇಕೆಂದು ಅವರ ಎಣಿಕೆ. ಅಲ್ಲಿ ಸಿಗಲಿಲ್ಲ. ಅನಂತರ ತಂದೆ ವಾಸವಾಗಿದ್ದ ಕೋಟೆ ಪ್ರದೇಶದ, ಅಂದರೆ ‘ಎ’ ವಾರ್ಡಿನ, ಕಚೇರಿಯಲ್ಲಿ ಹುಡುಕಿಸಿದರು. ಅಲ್ಲಿಯೂ ಇರಲಿಲ್ಲ. ಪರವೂರಿನಲ್ಲಿ ನೆಲೆಸಿದವರು ಬಹುಮಂದಿ ಎಡವುವುದು ಇಲ್ಲಿಯೇ. ಮರಣವು ನೋಂದಣಿಯಾಗುವುದು ಹುಟ್ಟಿದ ಊರಿನಲ್ಲಿ ಅಲ್ಲ, ವಾಸದ ಮನೆಯಿರುವ ವಾರ್ಡಿನಲ್ಲಿ ಅಲ್ಲ, ದಹನವಾದ ಸ್ಥಳದಲ್ಲಿಯೂ ಅಲ್ಲ. ಪ್ರಾಣ ಹೋದ ಸ್ಥಳ ಯಾವ ನೋಂದಣಾಧಿಕಾರಿಯ ಎಲ್ಲೆಯೊಳಗಿದೆಯೋ ಅವನ ಪುಸ್ತಕದಲ್ಲಿ. ಮಾಟುಂಗದ ನಿವಾಸಿ ಬೈಕುಲಾದ ಜೆ. ಜೆ. ಆಸ್ಪತ್ರೆಯಲ್ಲಿ ತೀರಿಕೊಂಡರೆ ‘ಇ’ ವಾರ್ಡು, ಪರೇಲಿನ ಕೆ. ಇ. ಎಂ. ಆಸ್ಪತ್ರೆಯಲ್ಲಾದರೆ ‘ಎಫ್ ದಕ್ಷಿಣ’. ದಿಲ್ಲಿಯಲ್ಲಿ ಮಹಾನಗರ ಪಾಲಿಕೆ, ನವದಿಲ್ಲಿ ಪುರಸಭೆ ಮತ್ತು ದಂಡುಪ್ರದೇಶದ ಮಂಡಲಿ ಮೂರೂ ಬೇರೆ ಬೇರೆ. ಪುಣೆ, ಖಡಕಿ, ಸಿಕಂದರಾಬಾದುಗಳ ದಂಡುಪ್ರದೇಶದಲ್ಲಿ ಆದ ಮರಣವನ್ನು ಪಾಲಿಕೆಯಲ್ಲಿ ಎಷ್ಟು ಹುಡುಕಿದರೂ ದೊರೆಯದು. ಬೆಂಗಳೂರಿನಲ್ಲಿಯೂ 1949ರಲ್ಲಿ ನಗರಪಾಲಿಕೆ ರೂಪುಗೊಳ್ಳುವ ಮುನ್ನ ಪೇಟೆಗೆ ಒಂದು, ದಂಡಿಗೆ ಒಂದು ಹೀಗೆ ಎರಡು ಪುರಸಭೆಗಳಿದ್ದವು.

ನಮ್ಮ ಗೃಹಸ್ಥರಿಗೆ ದಾರಿ ತೋರಿಸಿದವರು ಸೋದರಮಾವ. ಕೊನೆಯ ತಿಂಗಳಲ್ಲಿ ಅಕ್ಕ ದಿನವೂ ಊಟದ ಡಬ್ಬಿ ಹಿಡಿದುಕೊಂಡು ಬಸ್ಸಿನಲ್ಲಿ ಪರೇಲಿಗೆ ಹೋಗುತ್ತಿದ್ದುದು ಅವರಿಗೆ ನೆನಪಿತ್ತು. ಎಂದಮೇಲೆ ‘ಎಫ್ ದಕ್ಷಿಣ’. ಮೂರನೆಯ ಅರ್ಜಿ ಅಲ್ಲಿಗೆ.

ಪುಸ್ತಕ ಯಾರ ಬಳಿಯಿದೆ?

ಇಂದು ದೇಶಕ್ಕೆಲ್ಲ ಒಂದೇ ಕಾನೂನು: 1969ರ ಜನನ ಮತ್ತು ಮರಣ ನೋಂದಣಿ ಅಧಿನಿಯಮ. ಬಹುತೇಕ ರಾಜ್ಯಗಳಲ್ಲಿ ಇದು 1970ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಮರಣವನ್ನು 21 ದಿನಗಳೊಳಗೆ ತಿಳಿಸಬೇಕು. ಮನೆಯಲ್ಲಾದರೆ ಯಜಮಾನನು, ಆಸ್ಪತ್ರೆಯಲ್ಲಾದರೆ ಅಲ್ಲಿನ ವೈದ್ಯಾಧಿಕಾರಿ ತಿಳಿಸಬೇಕು. ಇದಕ್ಕೆ ಮುಂಚಿನ ಅಖಿಲ ಭಾರತದ ಕಾನೂನು 1886ರದು. ಅದರ ಪ್ರಕಾರ ನೋಂದಣಿ ಇಚ್ಛೆಗೆ ಬಿಟ್ಟ ವಿಷಯವಾಗಿತ್ತು. ಮದರಾಸು ಪ್ರಾಂತಕ್ಕೆ 1899ರ ತನ್ನದೇ ಕಾನೂನು, ಮುಂಬಯಿ ನಗರಕ್ಕೆ 1888ರ ಪುರಸಭಾ ಕಾನೂನು, ಸಂಸ್ಥಾನಗಳಿಗೆ ಅವುಗಳದೇ ನಿಯಮ.

ಕನ್ನಡಿಗರ ತೊಡಕು ಇಲ್ಲಿ ಇಮ್ಮಡಿಯಾಗುತ್ತದೆ. 1956ರ ನವೆಂಬರ್ 1ರ ತನಕ ಒಂದೇ ನುಡಿಯ ಜನ ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದರು. ಧಾರವಾಡ, ಬೆಳಗಾವಿ, ವಿಜಾಪುರ ಮತ್ತು ಉತ್ತರ ಕನ್ನಡ ಮುಂಬಯಿಯ ಕಡೆ, ದಕ್ಷಿಣ ಕನ್ನಡ ಮದರಾಸಿನ ಕಡೆ, ಬಳ್ಳಾರಿ 1953ರ ತನಕ ಮದರಾಸು, ಆಮೇಲೆ ಮೈಸೂರು, ಬೀದರ, ಗುಲ್ಬರ್ಗ, ರಾಯಚೂರು ನಿಜಾಮರ ಹೈದರಾಬಾದು, ಕೊಡಗು ಪ್ರತ್ಯೇಕ. ಕಾಸರಗೋಡಿನ ಅಜ್ಜಿಯ ದಾಖಲೆಗೆ ಇಂದು ಕೇರಳದ ಬಾಗಿಲು ತಟ್ಟಬೇಕು. ಸೊಲ್ಲಾಪುರದ ಅಜ್ಜನದಕ್ಕೆ ಮಹಾರಾಷ್ಟ್ರದ್ದು. ಮನೆತನದ ಊರು ಅಂದು ಯಾವ ಆಡಳಿತದಲ್ಲಿತ್ತು, ಇಂದು ಯಾವ ತಾಲ್ಲೂಕಿನಲ್ಲಿದೆ, ಇವೆರಡನ್ನೂ ಕಾಗದದ ಮೇಲೆ ಬರೆದುಕೊಂಡೇ ಹೊರಡುವುದು ಒಳ್ಳೆಯದು.

ಹಳ್ಳಿಗಳಲ್ಲಿ ಈ ಪುಸ್ತಕವನ್ನು ಬರೆಯುತ್ತಿದ್ದವರು ಪಟೇಲರು, ಶಾನುಭೋಗರು, ಮುಂಬಯಿ ಪ್ರಾಂತದಲ್ಲಿ ಪೊಲೀಸ್ ಪಾಟೀಲರು. ವಂಶಪಾರಂಪರ್ಯದ ಗ್ರಾಮಾಧಿಕಾರವನ್ನು ರದ್ದುಗೊಳಿಸಿದ 1961ರ ಕಾನೂನು 1963ರಲ್ಲಿ ಜಾರಿಗೆ ಬಂದ ಮೇಲೆ ಈ ಕೆಲಸ ಗ್ರಾಮ ಲೆಕ್ಕಿಗರಿಗೆ ಬಂತು. ಹಳೆಯ ಪುಸ್ತಕಗಳನ್ನು ಕೇಳಬೇಕಾದದ್ದು ತಾಲ್ಲೂಕು ಕಚೇರಿಯ ದಾಖಲೆ ಕೋಣೆಯಲ್ಲಿ. ಗೆದ್ದಲು ಮತ್ತು ಮಳೆಗಾಲ ಬಿಟ್ಟದ್ದಷ್ಟೇ ಉಳಿದಿರುತ್ತದೆ ಎಂಬುದನ್ನು ಮೊದಲೇ ಮನಸ್ಸಿಗೆ ತಂದುಕೊಂಡರೆ ನಿರಾಶೆ ಕಡಿಮೆ. ಹೈದರಾಬಾದು ಸಂಸ್ಥಾನದ ಹಳೆಯ ಕಾಗದಗಳು ಉರ್ದುವಿನಲ್ಲಿರುತ್ತವೆ, ವರ್ಷ ಫಸಲಿಯದು. ಫಸಲಿ ವರ್ಷಕ್ಕೆ 590 ಕೂಡಿಸಿದರೆ ಇಸವಿ ಹೆಚ್ಚುಕಡಿಮೆ ದೊರೆಯುತ್ತದೆ: ಫಸಲಿ 1358 ಎಂದರೆ 1948-49. ಆಜೂರ್, ದೈ, ಬಹಮನ್ ಎಂಬ ತಿಂಗಳ ಹೆಸರುಗಳನ್ನು ಕಂಡು ಗಾಬರಿಯಾಗಬೇಕಾಗಿಲ್ಲ. ಆ ವರ್ಷ ಅಕ್ಟೋಬರ್ ಆರಂಭದ ಆಜೂರಿನಿಂದ ಮೊದಲಾಗುತ್ತದೆ.

ತಿಥಿಯಿಂದ ತಾರೀಖಿಗೆ

ಅರ್ಜಿಯಲ್ಲಿ ತಾರೀಖು ಬೇಕು. ಮನೆಯವರಿಗೆ ಗೊತ್ತಿರುವುದು ತಿಥಿ. ಇದು ದೊಡ್ಡ ಅಡ್ಡಿಯಲ್ಲ, ಬದಲಿಗೆ ವರವೇ ಸರಿ. ಶ್ರಾದ್ಧ ತಪ್ಪದೆ ನಡೆದ ಮನೆಯಲ್ಲಿ ಮಾಸ, ಪಕ್ಷ, ತಿಥಿಗಳು ಮೂರು ತಲೆಮಾರಿನ ತನಕ ಅಳಿಯದೆ ಉಳಿದಿರುತ್ತವೆ. ಸಂವತ್ಸರದ ಹೆಸರೊಂದು ಸಿಕ್ಕಿದರೆ ಇಸವಿಯೂ ಸಿಕ್ಕಂತೆ. ಅಜ್ಜನ ತಂದೆ “ಕಾಳಯುಕ್ತಿಯ ಆಶ್ವಯುಜದಲ್ಲಿ” ಹೋದರೆಂದರೆ ಅದು 1918ರ ಅಕ್ಟೋಬರ್ ತಿಂಗಳ ಸುಮಾರು. ಅರವತ್ತು ವರ್ಷಕ್ಕೊಮ್ಮೆ ಹೆಸರು ಮರಳಿ ಬರುತ್ತದೆ. ಆದರೆ ಹಿರಿಯರ ವಯಸ್ಸನ್ನು ಲೆಕ್ಕ ಹಾಕಿದರೆ ಯಾವ ಸುತ್ತಿನದೆಂಬುದು ತಾನಾಗಿ ತಿಳಿಯುತ್ತದೆ. ತುಳುನಾಡಿನ ಮನೆಗಳಲ್ಲಿ ಎಣಿಕೆ ಸೌರಮಾನದ್ದು. “ಆಟಿಯ ಮಳೆಯಲ್ಲಿ” ಎಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನ ತನಕ. ತಿಥಿಯೂ ಇಲ್ಲದಿದ್ದರೆ ಪೌತಿ ಖಾತೆಯ ಮ್ಯುಟೇಶನ್ ನಮೂದು, ನಿಂತುಹೋದ ಪಿಂಚಣಿಯ ಕಾಗದ, ಭವಿಷ್ಯನಿಧಿಯ ಪತ್ರ, ವಿಮೆಯ ಕಡತ, ಹರಿದ್ವಾರದ ಪಂಡರ ಬಹಿ, ಕ್ರೈಸ್ತರಿಗೆ ಇಗರ್ಜಿಯ ಪುಸ್ತಕ, ಮುಸ್ಲಿಮರಿಗೆ ಕಬರಸ್ತಾನದ ಪುಸ್ತಕ, ಇವುಗಳಲ್ಲಿ ಯಾವುದಾದರೊಂದು ವರ್ಷವನ್ನು ಸೂಚಿಸುತ್ತದೆ. ವರ್ಷ ಗೊತ್ತಿದ್ದಷ್ಟೂ ಖರ್ಚು ಕಡಿಮೆ, ಏಕೆಂದರೆ ಶೋಧನ ಶುಲ್ಕವನ್ನು ಒಂದೊಂದು ವರ್ಷಕ್ಕೂ ಲೆಕ್ಕ ಹಾಕುತ್ತಾರೆ. ಶುಲ್ಕವೇನೂ ಭಾರಿಯಲ್ಲ, ಭಾರವಾಗುವುದು ಗುಮಾಸ್ತರ ತಾಳ್ಮೆ. ಹತ್ತು ವರ್ಷಗಳ ಪುಸ್ತಕಗಳನ್ನು ಕೆಳಗಿಳಿಸಿ ನೋಡಿರೆಂದು ಕೇಳುವುದಕ್ಕಿಂತ ಎರಡು ವರ್ಷವನ್ನು ಹೇಳಿ ಕೇಳಿದವನಿಗೆ ಬೇಗ ಉತ್ತರ ಸಿಗುತ್ತದೆ.

ಹೆಸರಿನ ಗೊಂದಲ ಇದಕ್ಕಿಂತ ಹೆಚ್ಚಿನದು. ಊರಿನಲ್ಲಿ ‘ಸುಬ್ಬಣ್ಣ’, ಹೋಟೆಲಿನ ಹಾಜರಿಯಲ್ಲಿ ‘ಸುಬ್ರಾಯ’, ಆಸ್ಪತ್ರೆಯ ಚೀಟಿಯಲ್ಲಿ ‘ಎಸ್. ರಾವ್’ ಆಗಿರುವವರು ಒಬ್ಬರೇ. ಮುಂಬಯಿಯ ಪದ್ಧತಿಯಂತೆ ನಡುವೆ ತಂದೆಯ ಹೆಸರು ಬರುತ್ತದೆ. ಅಳಿಯಸಂತಾನದ ಮನೆಗಳಲ್ಲಿ ಸೋದರಮಾವನ ಹೆಸರು ಬಂದಿರಲೂಬಹುದು. ಹಳ್ಳಿಯ ಹಳೆಯ ಪುಸ್ತಕಗಳಲ್ಲಿ ಹೆಂಗಸರು ‘ಇಂಥವನ ಹೆಂಡತಿ’. ನಾಮಕರಣಕ್ಕೆ ಮುನ್ನ ಹೋದ ಮಗು ‘ಗಂಡು ಕೂಸು’ ಅಥವಾ ‘ಹೆಣ್ಣು ಕೂಸು’, ಅಷ್ಟೇ. ಆದುದರಿಂದ ಅರ್ಜಿಯಲ್ಲಿ ಹೆಸರಿನ ಎಲ್ಲ ರೂಪಗಳನ್ನೂ, ತಂದೆಯ ಅಥವಾ ಗಂಡನ ಹೆಸರನ್ನೂ, ಅಂದಾಜು ವಯಸ್ಸನ್ನೂ ಬರೆಯಬೇಕು.

ಅರ್ಜಿ ಕೊಡುವ ಹಕ್ಕಿನ ಬಗೆಗೆ ಸಂಶಯ ಬೇಡ. 1969ರ ಅಧಿನಿಯಮದ 17ನೆಯ ಕಲಮು, ಯಾರು ಬೇಕಾದರೂ ಶುಲ್ಕ ತೆತ್ತು ನೋಂದಣಿ ಪುಸ್ತಕದಲ್ಲಿ ಹುಡುಕಿಸಬಹುದೆಂದು ಹೇಳುತ್ತದೆ. ಎಷ್ಟು ಹುಡುಕಿದರೂ ಕಾಣದಿದ್ದರೆ ಬರಿಗೈಯಲ್ಲಿ ಹಿಂದಿರುಗಬಾರದು. ‘ದಾಖಲೆ ಲಭ್ಯವಿಲ್ಲ’ ಎಂಬ ಪ್ರಮಾಣಪತ್ರವನ್ನು ನಿಯಮಾನುಸಾರವೇ ಕೊಡುತ್ತಾರೆ. ಅದು ಆಸ್ತಿಯ ವ್ಯವಹಾರಕ್ಕೂ ಬೇಕು, ವಿಳಂಬ ನೋಂದಣಿಗೂ ಬೇಕು. ಒಂದು ವರ್ಷ ಮೀರಿದ ಮರಣವನ್ನು ಹೊಸದಾಗಿ ನೋಂದಾಯಿಸಲು ಮೊದಲು ಪ್ರಥಮ ದರ್ಜೆಯ ಮ್ಯಾಜಿಸ್ಟ್ರೇಟರ ಆಜ್ಞೆ ಬೇಕಾಗಿತ್ತು. 2023ರ ತಿದ್ದುಪಡಿಯ ಬಳಿಕ ಜಿಲ್ಲಾ ಅಥವಾ ಉಪವಿಭಾಗ ಮ್ಯಾಜಿಸ್ಟ್ರೇಟರು, ಇಲ್ಲವೆ ಅಧಿಕಾರ ಪಡೆದ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರು ಆಜ್ಞೆ ಕೊಡಬಹುದಾಗಿದೆ.

ಮುಚ್ಚಿದ ಅಂಕಣ

ಗೃಹಸ್ಥರ ಮೂರನೆಯ ಅರ್ಜಿ ಫಲಿಸಿತು. ತಂದೆಯ ಹೆಸರು, ತಾರೀಖು, ವಿಳಾಸ ಎಲ್ಲವೂ ಸರಿಯಾಗಿದ್ದ ಕಾಗದ ಕೈಗೆ ಬಂತು. ಆದರೆ ಯಾವುದಕ್ಕಾಗಿ ಇಷ್ಟು ಅಲೆದಾಡಿದ್ದರೋ ಅದೇ ಅದರಲ್ಲಿರಲಿಲ್ಲ. ಕಾರಣವೆಂಬ ಅಂಕಣವೇ ಇಲ್ಲ!

ಇದು ಕಚೇರಿಯ ಕೊರತೆಯಲ್ಲ, ಕಾನೂನಿನ ಕಟ್ಟು. ಹುಡುಕಿಸುವ ಹಕ್ಕನ್ನು ಕೊಟ್ಟ ಅದೇ 17ನೆಯ ಕಲಮು, ಯಾರಿಗೇ ಕೊಡುವ ಮರಣದ ನಕಲಿನಲ್ಲಿಯೂ ಕಾರಣವನ್ನು ಪ್ರಕಟಿಸಕೂಡದೆಂದು ಷರತ್ತು ವಿಧಿಸಿತು. ಇಂದಿನ ಪ್ರಮಾಣಪತ್ರದಲ್ಲಿಯೂ ಅದು ಇರುವುದಿಲ್ಲ. ಕ್ಷಯ, ಕುಷ್ಠ, ಆತ್ಮಹತ್ಯೆ ಮುಂತಾದ ಮಾತುಗಳು ಮನೆತನದ ಮರ್ಯಾದೆಯನ್ನು ಕೆಡಿಸುತ್ತಿದ್ದ ಸಮಾಜದಲ್ಲಿ ಈ ಮರೆ ಅನೇಕರನ್ನು ಕಾಪಾಡಿರಬೇಕು. ಆದರೆ ಮಕ್ಕಳಿಗೂ ಅದೇ ಮರೆ ಅಡ್ಡವಾಗಿ ನಿಂತಿದೆಯೆಂಬುದನ್ನು ಒಪ್ಪಲೇಬೇಕು.

ಕಾರಣದ ಅಂಕಣ ಮುಚ್ಚಿದ್ದರೂ ಸ್ಥಳದ ಅಂಕಣ ತೆರೆದಿರುತ್ತದೆ. ಓದಬಲ್ಲವರಿಗೆ ಅದೇ ಬಹಳಷ್ಟು ಹೇಳುತ್ತದೆ. ಮರಣದ ಸ್ಥಳ ಶಿವಡಿಯ ಕ್ಷಯರೋಗ ಆಸ್ಪತ್ರೆ ಎಂದಿದ್ದರೆ, ಮದರಾಸಿನ ತಾಂಬರಂ ಸ್ಯಾನಟೋರಿಯಂ ಎಂದಿದ್ದರೆ, ಮೈಸೂರಿನ ಕೃಷ್ಣಾಜಮ್ಮಣ್ಣಿ ಸ್ಯಾನಟೋರಿಯಂ ಎಂದಿದ್ದರೆ ಬೇರೆ ವಿವರಣೆ ಬೇಕೆ? ಆರ್ಥರ್ ರೋಡಿನ ಕಸ್ತೂರಬಾ ಆಸ್ಪತ್ರೆ ಸಾಂಕ್ರಾಮಿಕ ರೋಗಗಳಿಗೆ ಮೀಸಲು. 1941ರಲ್ಲಿ ತೆರೆದ ಪರೇಲಿನ ಟಾಟಾ ಸ್ಮಾರಕ ಆಸ್ಪತ್ರೆ, 1954ರಲ್ಲಿ ಆರಂಭವಾದ ಅಡ್ಯಾರಿನ ಕ್ಯಾನ್ಸರ್ ಸಂಸ್ಥೆ, 1973ರಿಂದ ಬೆಂಗಳೂರಿನ ಕಿದ್ವಾಯಿ ಸಂಸ್ಥೆ, ಇವು ಕ್ಯಾನ್ಸರಿನವು. ಇದು ಸಾಕ್ಷ್ಯವಲ್ಲ, ಸುಳಿವು. ಆದರೆ ವೈದ್ಯರಿಗೆ ‘ಅಂತೆ’ಗಿಂತ ಈ ಸುಳಿವು ಎಷ್ಟೋ ಮೇಲು. ಮರಣ ಹೊಂದಿದ ಆಸ್ಪತ್ರೆ ಎಲ್ಲ ರೋಗಗಳಿಗೂ ಇರುವ ದೊಡ್ಡ ಆಸ್ಪತ್ರೆಯಾಗಿದ್ದರೆ ಮಾತ್ರ ಸ್ಥಳದಿಂದ ಏನೂ ತಿಳಿಯುವುದಿಲ್ಲ.

ಗೃಹಸ್ಥರ ಕೈಯಲ್ಲಿದ್ದ ಕಾಗದದ ಸ್ಥಳದ ಸಾಲಿನಲ್ಲಿ ಇದ್ದದ್ದು ಟಾಟಾ ಸ್ಮಾರಕ ಆಸ್ಪತ್ರೆ.

ಕಾರಣವನ್ನು ಓದುವ ಬಗೆ

ಇನ್ನು ಮುಂದಿನ ತಲೆಮಾರಿಗೆ ಈ ಅಲೆದಾಟ ಬೇಡವೆಂದಾದರೆ ನೋಡಿಕೊಳ್ಳಬೇಕಾದ ಕಾಗದವೊಂದಿದೆ. ಆಸ್ಪತ್ರೆಯಲ್ಲಿ ಮರಣವಾದರೆ ವೈದ್ಯರು ‘ನಮೂನೆ 4’ ಎಂಬ ಕಾರಣ ಪ್ರಮಾಣಪತ್ರವನ್ನು ಬರೆದು ನೋಂದಣಾಧಿಕಾರಿಗೆ ಕಳುಹಿಸುತ್ತಾರೆ. ಮನೆಯಲ್ಲಿ ಮರಣವಾಗಿ, ಕೊನೆಯ ಕಾಯಿಲೆಯಲ್ಲಿ ನೋಡಿದ ವೈದ್ಯರು ಬರೆಯುವುದು ‘ನಮೂನೆ 4ಎ’. 2023ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ ಇದರ ಒಂದು ಪ್ರತಿಯನ್ನು ಹತ್ತಿರದ ಬಂಧುವಿಗೂ ಕೊಡಬೇಕು. ಶೋಕದ ಗಡಿಬಿಡಿಯಲ್ಲಿ ಕೇಳಲು ಮರೆಯುವ ಕಾಗದ ಇದು; ಶವವಾಹನ ಬರುವ ಮುನ್ನ ಮನೆಯ ಒಬ್ಬರಿಗೆ ಈ ಕೆಲಸವನ್ನು ವಹಿಸಬೇಕು. ಇದಕ್ಕೂ ಮುಂಚಿನ ಮರಣಗಳಿಗೆ ಆಸ್ಪತ್ರೆಯ ಮರಣ ಸಾರಾಂಶವೇ ಗತಿ. ವೈದ್ಯಕೀಯ ಪರಿಷತ್ತಿನ 2002ರ ನಿಯಮಗಳು ಒಳರೋಗಿಯ ಕಡತವನ್ನು ಮೂರು ವರ್ಷ ಇಟ್ಟುಕೊಳ್ಳಬೇಕೆಂದೂ, ಅಧಿಕೃತವಾಗಿ ಕೇಳಿದವರಿಗೆ 72 ಗಂಟೆಗಳೊಳಗೆ ಕೊಡಬೇಕೆಂದೂ ವಿಧಿಸಿವೆ. ಮೂರು ವರ್ಷ ಕಳೆದ ಮೇಲೆ ಸಿಕ್ಕಿದರೆ ಅದೃಷ್ಟ. ಅಪಘಾತ ಮೊದಲಾದ ಸಂದರ್ಭಗಳಲ್ಲಿ ಮರಣೋತ್ತರ ಪರೀಕ್ಷೆಯ ವರದಿ ಇರುತ್ತದೆ.

ನಮೂನೆಯನ್ನು ಓದುವುದಕ್ಕೂ ಒಂದು ಕ್ರಮವಿದೆ. ಮೊದಲ ಭಾಗದಲ್ಲಿ ಮೇಲಿನಿಂದ ಕೆಳಕ್ಕೆ ಸಾಲುಗಳಿರುತ್ತವೆ. ಮೇಲಿನ ಸಾಲಿನಲ್ಲಿ ಪ್ರಾಣ ಹೋಗಲು ತತ್‌ಕ್ಷಣದ ಕಾರಣ. ಅದರ ಕೆಳಗೆ ಅದಕ್ಕೆ ಎಡೆಗೊಟ್ಟದ್ದು. ಎಲ್ಲಕ್ಕಿಂತ ಕೆಳಗಿನ ಸಾಲಿನಲ್ಲಿ ಮೂಲ ಕಾಯಿಲೆ. ಮೇಲಿನ ಸಾಲಿನಲ್ಲಿ ‘ರಕ್ತದಲ್ಲಿ ನಂಜು’, ನಡುವೆ ‘ಮೂತ್ರಪಿಂಡದ ವೈಫಲ್ಯ’, ಕೆಳಗೆ ‘ಸಕ್ಕರೆ ಕಾಯಿಲೆ’ ಎಂದಿದ್ದರೆ ಮೊಮ್ಮಕ್ಕಳಿಗೆ ಬೇಕಾದದ್ದು ಕೆಳಗಿನ ಸಾಲು. ‘ಹೃದಯ ಸ್ತಂಭನ’ ಎಂದಷ್ಟೇ ಬರೆದದ್ದನ್ನು ಕಂಡು ಮನೆತನದಲ್ಲಿ ಹೃದ್ರೋಗವಿದೆಯೆಂದು ಹೆದರಬಾರದು. ಸಾಯುವ ಪ್ರತಿಯೊಬ್ಬನ ಹೃದಯವೂ ನಿಲ್ಲುತ್ತದೆ, ಅದು ಕಾರಣವಲ್ಲ. ಪ್ರತಿ ಸಾಲಿನ ಪಕ್ಕದಲ್ಲಿ ಆ ಕಾಯಿಲೆ ಎಷ್ಟು ಕಾಲದಿಂದ ಇತ್ತೆಂದು ಬರೆಯಲು ಜಾಗವಿದೆ. ಅದು ತುಂಬಿದ್ದರೆ ಬಲು ಉಪಯುಕ್ತ, ಏಕೆಂದರೆ ಸತ್ತ ವಯಸ್ಸಿಗಿಂತ ಕಾಯಿಲೆ ಕಾಣಿಸಿಕೊಂಡ ವಯಸ್ಸು ವೈದ್ಯರಿಗೆ ಮುಖ್ಯ.

ಮರಣ ವರದಿಯ ‘ನಮೂನೆ 2’ರಲ್ಲಿ ಇನ್ನೊಂದು ಕುತೂಹಲದ ಸಂಗತಿ ಇದೆ. ಮೃತರು ಬೀಡಿ ಸಿಗರೇಟು ಸೇದುತ್ತಿದ್ದರೇ, ತಂಬಾಕು ಜಗಿಯುತ್ತಿದ್ದರೇ, ಮದ್ಯ ಕುಡಿಯುತ್ತಿದ್ದರೇ ಎಂಬುದರ ಜತೆಗೆ ಅಡಕೆ ಜಗಿಯುತ್ತಿದ್ದರೇ ಎಂದೂ, ಎಷ್ಟು ವರ್ಷದಿಂದ ಎಂದೂ ಕೇಳಲಾಗುತ್ತದೆ. ಮಲೆನಾಡಿನ ಹಿರಿಯರಿಗೆ ಈ ಪ್ರಶ್ನೆ ಹಾಸ್ಯವಾಗಿ ಕಾಣಬಹುದು. ಆದರೆ ಬಾಯಿಯ ಕ್ಯಾನ್ಸರನ್ನು ಬಲ್ಲ ವೈದ್ಯರಿಗೆ ಅದು ಹಾಸ್ಯವಲ್ಲ. ಈ ಭಾಗವನ್ನು ಕತ್ತರಿಸಿ ಅಂಕಿಅಂಶಗಳಿಗಾಗಿ ಕಳುಹಿಸುತ್ತಾರೆ. ಮನೆಯವರಿಗೆ ಅದು ಮರಳಿ ಸಿಗುವುದಿಲ್ಲ. ತುಂಬಿಸುವಾಗಲೇ ಒಂದು ಪ್ರತಿ ಬರೆದಿಟ್ಟುಕೊಳ್ಳಬೇಕು.

ಭಾರತದಲ್ಲಿ ವೈದ್ಯರ ಪ್ರಮಾಣಪತ್ರವಿರುವ ಮರಣಗಳೇ ಕಡಿಮೆ. 2020ರಲ್ಲಿ ನೋಂದಣಿಯಾದ ಮರಣಗಳಲ್ಲಿ ಶೇಕಡ 22.5ಕ್ಕೆ ಮಾತ್ರ ವೈದ್ಯರು ಕಾರಣವನ್ನು ದೃಢೀಕರಿಸಿದ್ದರು. ಹಳೆಯ ಹಳ್ಳಿಯ ಪುಸ್ತಕದಲ್ಲಂತೂ ಕಾರಣವನ್ನು ಬರೆದವನು ವೈದ್ಯನೇ ಅಲ್ಲ. ಕಾಲರಾ, ಸಿಡುಬು, ಪ್ಲೇಗು, ಜ್ವರ, ಆಮಶಂಕೆ ಮತ್ತು ಭೇದಿ, ಶ್ವಾಸಕೋಶದ ಬೇನೆ, ಗಾಯ, ಹಾವಿನ ಕಡಿತ, ಇತರ: ಇಷ್ಟೇ ಅವನ ಮುಂದಿದ್ದ ತಲೆಬರಹಗಳು. ಮಲೇರಿಯ, ವಿಷಮಶೀತ ಜ್ವರ, ಬಾಣಂತಿಯ ನಂಜು ಎಲ್ಲವೂ ‘ಜ್ವರ’ದೊಳಗೆ ಸೇರಿಹೋಗುತ್ತಿದ್ದವು. 1918ರ ಸೆಪ್ಟೆಂಬರಿನಿಂದ ಹಬ್ಬಿದ ಇನ್‌ಫ್ಲುಯೆನ್ಸದಲ್ಲಿ ಸತ್ತವರೂ ಹಾಗೆಯೇ. ದೇಶದಲ್ಲಿ ಆಗ ಸತ್ತವರು ಒಂದು ಕೋಟಿಗೂ ಮಿಕ್ಕವರೆಂದು ಅಂದಾಜು. ಬರೆಯಬೇಕಾದವರೇ ಹಾಸಿಗೆ ಹಿಡಿದಿದ್ದಾಗ ಎಷ್ಟೋ ಸಾವುಗಳು ಪುಸ್ತಕಕ್ಕೆ ಏರಲೇ ಇಲ್ಲ. ಆದುದರಿಂದ ಕಾಳಯುಕ್ತಿಯ ಆಶ್ವಯುಜದಲ್ಲಿ ಹೋದ ಮುತ್ತಜ್ಜನ ‘ಜ್ವರ’ವನ್ನು ವಂಶದ ದೋಷವೆಂದು ಎಣಿಸಬೇಕಾಗಿಲ್ಲ. ಹಾಗೆಯೇ 1896ರ ಬಳಿಕ ಮುಂಬಯಿಯಲ್ಲಿಯೂ 1898ರಿಂದ ಬೆಂಗಳೂರಿನಲ್ಲಿಯೂ ಹಬ್ಬಿದ ಪ್ಲೇಗಿಗೆ ತುತ್ತಾದವರ ವಿಷಯ. ಕಾರಣವು ಪಿಡುಗೋ ಮನೆತನದ್ದೋ ಎಂದು ಬೇರ್ಪಡಿಸಲು ತಾರೀಖೊಂದೇ ಅನೇಕ ವೇಳೆ ಸಾಕಾಗುತ್ತದೆ.

ಮಗ ಕೌಂಟಿಯಲ್ಲಿದ್ದರೆ

ಮಹಾನಗರದ ಕನ್ನಡಿಗರ ಮಕ್ಕಳು ಈಗ ಅಮೆರಿಕದಲ್ಲಿದ್ದಾರೆ. ಮೊಮ್ಮಗುವನ್ನು ನೋಡಲು ಹೋದ ಹಿರಿಯರು ಅಲ್ಲಿಯೇ ಕಣ್ಣು ಮುಚ್ಚುವುದೂ ಉಂಟು. ಅಲ್ಲಿ ದೇಶಕ್ಕೆಲ್ಲ ಒಂದು ಪುಸ್ತಕವಿಲ್ಲ. ಒಂದೊಂದು ರಾಜ್ಯಕ್ಕೆ ಒಂದೊಂದು ಕ್ರಮ. ರಾಜ್ಯದೊಳಗೆ ನಮ್ಮ ಜಿಲ್ಲೆಯನ್ನು ಹೋಲುವ ‘ಕೌಂಟಿ’. ಮ್ಯಾಸಚೂಸೆಟ್ಸ್ 1841ರಲ್ಲೇ ರಾಜ್ಯಮಟ್ಟದ ನೋಂದಣಿಯನ್ನು ಆರಂಭಿಸಿತು, ಕ್ಯಾಲಿಫೋರ್ನಿಯ 1905ರಲ್ಲಿ, ದೇಶದ ಎಲ್ಲ ರಾಜ್ಯಗಳೂ ಮರಣ ನೋಂದಣಿ ಪ್ರದೇಶಕ್ಕೆ ಸೇರಿದ್ದು ಟೆಕ್ಸಸ್ ಬಂದ 1933ರಲ್ಲಿ. ಅದಕ್ಕೆ ಹಿಂದಿನದನ್ನು ಕೌಂಟಿಯ ಪುಸ್ತಕಗಳಲ್ಲಿಯೇ ಹುಡುಕಬೇಕು. ಕ್ಯಾಲಿಫೋರ್ನಿಯದಲ್ಲಿ ಇತ್ತೀಚಿನ ಮರಣವಾದರೆ ಕೌಂಟಿಯ ಆರೋಗ್ಯ ಇಲಾಖೆ, ಹಳೆಯದಾದರೆ ಕೌಂಟಿ ರೆಕಾರ್ಡರರ ಕಚೇರಿ ನಕಲು ಕೊಡುತ್ತದೆ. ಹತ್ತಿರದ ಬಂಧುಗಳಿಗೆ ಅಧಿಕೃತ ನಕಲು. ಬೇರೆಯವರಿಗೆ ‘ಮಾಹಿತಿಗಾಗಿ ಮಾತ್ರ’ ಎಂಬ ಮುದ್ರೆಯ ನಕಲು. ಅಲ್ಲಿಯೂ ಮುಖ್ಯ ನಿಯಮ ಒಂದೇ: ಮಗನ ಮನೆ ಯಾವ ಕೌಂಟಿಯಲ್ಲಿದೆ ಎಂಬುದಲ್ಲ, ಆಸ್ಪತ್ರೆ ಯಾವ ಕೌಂಟಿಯಲ್ಲಿದೆ ಎಂಬುದು. ಆದರೆ ದೊಡ್ಡ ವ್ಯತ್ಯಾಸವೊಂದಿದೆ. ಕ್ಯಾಲಿಫೋರ್ನಿಯದ ಆ ಕಾಗದದಲ್ಲಿ ಮರಣದ ಕಾರಣ ಸಾಲುಸಾಲಾಗಿ ಬರೆದಿರುತ್ತದೆ. 1837ರಿಂದ ನೋಂದಣಿ ನಡೆದಿರುವ ಇಂಗ್ಲೆಂಡಿನಲ್ಲಿಯೂ ಹಾಗೆಯೇ. ಹೊರದೇಶದಲ್ಲಿ ತೀರಿಕೊಂಡವರು ಭಾರತದ ಪ್ರಜೆಯಾಗಿದ್ದರೆ ಅಲ್ಲಿನ ಭಾರತೀಯ ದೂತಾವಾಸದಲ್ಲಿಯೂ ಮರಣವನ್ನು ನೋಂದಾಯಿಸಬಹುದು. ಇಲ್ಲಿನ ಬ್ಯಾಂಕು ಮತ್ತು ಭೂಮಿಯ ವ್ಯವಹಾರಕ್ಕೆ ಅದು ನೆರವಾಗುತ್ತದೆ.

ಮಾಟುಂಗದ ಮನೆಯಲ್ಲಿ ಆ ಕಾಗದವನ್ನು ತಾಯಿಯ ಮುಂದೆ ಇಟ್ಟದ್ದು ರಾತ್ರಿ ಊಟವಾದ ಮೇಲೆ. ಎಂಬತ್ತು ದಾಟಿದ ಆಕೆ ಕನ್ನಡಕ ಹಾಕಿಕೊಂಡು ಸ್ಥಳದ ಸಾಲನ್ನು ಬೆರಳಿನಿಂದ ಮುಟ್ಟಿ ಬಹಳ ಹೊತ್ತು ಸುಮ್ಮನೆ ಕುಳಿತಿದ್ದರು. ಬಳಿಕ, ಹೊಟ್ಟೆನೋವು ಎರಡು ವರ್ಷದಿಂದ ಇತ್ತೆಂದೂ ಮಲದಲ್ಲಿ ರಕ್ತ ಹೋಗುತ್ತಿತ್ತೆಂದೂ ಹೇಳಿದರು. ಇಷ್ಟು ವರ್ಷ ಯಾಕೆ ಹೇಳಲಿಲ್ಲವೆಂದು ಮಗ ಕೇಳಿದಾಗ, “ನಿನ್ನ ಅಕ್ಕಂದಿರ ಮದುವೆ ಆಗಬೇಕಿತ್ತಲ್ಲ, ಮಗಾ” ಎಂದರು.

ತಂದೆಗೆ 44ರಲ್ಲಿಯೇ ಕಾಯಿಲೆ ತೋರಿಕೊಂಡಿತ್ತೆಂದಾದರೆ, ಅದಕ್ಕಿಂತ ಹತ್ತು ವರ್ಷ ಮೊದಲೇ, ಅಂದರೆ 34ರ ವಯಸ್ಸಿನಿಂದಲೇ ಮಕ್ಕಳ ಕರುಳಿನ ಪರೀಕ್ಷೆ ಆರಂಭವಾಗಬೇಕಿತ್ತು ಎಂಬುದು ವೈದ್ಯರ ಲೆಕ್ಕ. ಇಪ್ಪತ್ತು ವರ್ಷ ತಡವಾಗಿ ಅದು ನಡೆಯಿತು. ಕಂಡ ಎರಡು ಸಣ್ಣ ಗಂಟುಗಳನ್ನು ಪರೀಕ್ಷೆಯ ವೇಳೆಯಲ್ಲಿಯೇ ತೆಗೆದುಹಾಕಿದರು. ಅಣ್ಣನ ಗಡ್ಡೆಯ ತುಣುಕನ್ನು ವಂಶವಾಹಿ ಪರೀಕ್ಷೆಗೆ ಕಳುಹಿಸಲಾಯಿತು. ಅಕ್ಕಂದಿರಿಬ್ಬರಿಗೂ ತಪಾಸಣೆ ಮಾಡಿಸಿಕೊಳ್ಳಲು ಫೋನಿನಲ್ಲಿ ತಿಳಿಸಲಾಯಿತು. ಮರಣದ ಕಾಗದವನ್ನು ದೇವರ ಕೋಣೆಯ ಕಪಾಟಿನಲ್ಲಿ ಇಡಲು ಮಾತ್ರ ತಾಯಿ ಒಪ್ಪಲಿಲ್ಲ. ಅದೀಗ ಮಗನ ಆಸ್ಪತ್ರೆಯ ಕಡತದಲ್ಲಿ, ಕರುಳಿನ ಪರೀಕ್ಷೆಯ ವರದಿಯ ಹಿಂದೆ ಇದೆ.